ಒಂದೇ ಸಲ ಕೇಳಿದರು

ಮಾರ್ಚ್ 4, ಮಂಗಳವಾರ
ಮಟಾಟು ವ್ಯಾನ್ ತುಂಬಿತ್ತು. ನ್ಗಾರಾ ಬಡಾವಣೆಯ ಆಶ್ರಯ ಮನೆಗೆ ನಡೆದೇ ಹೋದೆ. ಇವತ್ತು ಕರೆಂಟ್ ಇದೆ, ನೀರಿಲ್ಲ. ನಿನ್ನೆ ಉಲ್ಟಾ. ಕಾಂಗೋದಿಂದ ಓಡಿಬಂದ ಹದಿನಾರು ಜನ, ನಾಲ್ಕು ಕೋಣೆ. ನಾನು ಗೌರವ ಕಾರ್ಯದರ್ಶಿ. ಅಂದರೆ ಕಾಗದ ಬರೆಯುವವನು. ಬಿ.ಎ.ಯಲ್ಲಿ ಇಂಗ್ಲಿಷ್ ಸೆಕೆಂಡ್ ಕ್ಲಾಸ್ — ಅಷ್ಟು ಸಾಕಂತೆ.

ಹೊರದೇಶದ ದಾನಿಗಳು, ಮನೆಯ ಖರ್ಚು ಇಲ್ಲಿಯ ನಿರಾಶ್ರಿತರ ಕಚೇರಿಯ ಹೊಣೆ ಅನ್ನುತ್ತಾರೆ. ಕಚೇರಿಯವರು ದಾನಿಗಳ ಕಡೆ ಕೈ ತೋರಿಸುತ್ತಾರೆ. ಎರಡು ತಿಂಗಳಿಂದ ಬಾಡಿಗೆ ಕಟ್ಟಿಲ್ಲ. ಅಡುಗೆ ನೋಡಿಕೊಳ್ಳುವ ಫುರಾಹಾ ಚಹಾ ಕೊಟ್ಟಳು. ನನ್ನನ್ನು ಬಾಬು ಅನ್ನುತ್ತಾಳೆ, ಅಜ್ಜ ಅಂತ. ಉತ್ತರದ ಕ್ಯಾಂಪಿನ ಧೂಳಿಗೆ ಉಸಿರು ಕಟ್ಟಿ ಇಲ್ಲಿಗೆ ಬಂದವಳು. ಇದು ಮುಚ್ಚಿದರೆ ಮತ್ತೆ ಅಲ್ಲಿಗೇ.

ಮಾರ್ಚ್ 7
ದಾನಿಗಳ ಇ-ಮೇಲ್. ಜಗಳ ತೀರುವ ತನಕ ನಿಭಾಯಿಸುತ್ತೀರಾ, ಇಲ್ಲವೇ ತುರ್ತು ಹಣ ಬೇಕೇ?

ಥಟ್ಟನೆ ಕೊಡಿ ಅನ್ನುವುದು ಹೇಗೆ? ನನ್ನ ಹೆಂಡತಿ ಮೈಥಿಲಿ ಇದ್ದಾಗ ಯಾರ ಮನೆಗೆ ಹೋದರೂ ಮೂರನೇ ಸಲ ಹೇಳುವ ತನಕ ಕಾಫಿ ಮುಟ್ಟುತ್ತಿರಲಿಲ್ಲ. ನನಗೂ ಮೊಣಕೈಯಲ್ಲಿ ತಿವಿಯುತ್ತಿದ್ದಳು. ಬರೆದೆ: ಪ್ಲೀಸ್ ಡೋಂಟ್ ಟ್ರಬಲ್ ಯುವರ್‌ಸೆಲ್ಫ್. ವಿ ಆರ್ ಮ್ಯಾನೇಜಿಂಗ್ ಸಮ್‌ಹೌ.

ಇನ್ನೊಮ್ಮೆ ಕೇಳುತ್ತಾರಲ್ಲ, ಆಗ ಹೇಳಿದರಾಯಿತು.

ಮಾರ್ಚ್ 12
ಕೇಳಿಲ್ಲ.

ಮಾರ್ಚ್ 21, ಶುಕ್ರವಾರ
ಮನೆಯ ಮ್ಯಾನೇಜರ್ ಕ್ಲೇರ್ — ಮಂಗಳೂರಿನ ಹುಡುಗಿ, ಯಾವತ್ತೂ ದನಿ ಏರಿಸಿದವಳಲ್ಲ — ಫೋನ್ ನನ್ನ ಮೂಗಿಗೆ ಹಿಡಿದಳು.

“ಇದೆಂತ ಅಂಕಲ್ ನೀವು ಬರೆದದ್ದು?”

“ಮರ್ಯಾದೆಗೆ ಹಾಗಂದೆ...”

“ದಾನಿಗಳು ವರದಿಯಲ್ಲಿ ಅದನ್ನೇ ಹಾಕಿದ್ದಾರೆ ನೋಡಿ. ‘ಶೆಲ್ಟರ್ ಈಸ್ ಮ್ಯಾನೇಜಿಂಗ್.’ ಹಣ ಬೇರೆ ಕಡೆ ಹೋಯ್ತು.”

“ಇನ್ನೊಂದು ಸಲ ಕೇಳ್ತಾರೆ ಅಂದ್ಕೊಂಡಿದ್ದೆ ಕಣಮ್ಮಾ.”

“ಅವರೇನು ನಿಮ್ಮ ಬೀಗರಾ, ಉಪಚಾರ ಮಾಡ್ಲಿಕ್ಕೆ?”

ಕಚೇರಿಯವರೂ ಅದೇ ಸಾಲು ತೋರಿಸಿ ಕೈ ತೊಳೆದುಕೊಂಡರಂತೆ.

ಮಾರ್ಚ್ 22
ದಾನಿಗಳಿಗೆ ಮೂರು ಕಾಗದ ಬರೆದೆ. ವಿತ್ ಡ್ಯೂ ರೆಸ್ಪೆಕ್ಟ್ ಐ ಬೆಗ್ ಟು ಸ್ಟೇಟ್... ಬೆಗ್ ಅಂತ ಎಷ್ಟು ಸುಲಭವಾಗಿ ಬರುತ್ತದೆ ಈಗ. ಉತ್ತರ ಒಂದು ಸಾಲು. ಗಡುವು ಮುಗಿದಿದೆ.

ಮಾರ್ಚ್ 29
ಮನೆಯೊಡೆಯ ಬೀಗ ತಂದಿದ್ದ. ಹೊಸದು. ಫುರಾಹಾಗೆ ಹೇಳಲು ಹೋದೆ: ನನ್ನಿಂದಲೇ ಆದದ್ದು, ಅಂತ. ಬೇಳೆ ಆರಿಸುತ್ತಿದ್ದಳು. ಕುಳಿತೆ, ನಾನೂ ಆರಿಸಿದೆ. ಹೇಳಲಿಲ್ಲ.

ಮಾರ್ಚ್ 31, ಸೋಮವಾರ. ಬೆಳಿಗ್ಗೆ 9
ಕ್ಯಾಂಪಿನ ಬಸ್ ಏಳಕ್ಕೇ ಬಂತು. ಹದಿನಾರು ಜನ, ಅವರ ಪಾತ್ರೆ, ಹಾಸಿಗೆ. ಫುರಾಹಾ ಮೂಗಿಗೆ ಬಟ್ಟೆ ಕಟ್ಟಿಕೊಂಡಾಗಿತ್ತು, ಧೂಳು ಬರುವುದಕ್ಕೆ ಇನ್ನೂ ಒಂದು ಇಡೀ ದಿನದ ದಾರಿ ಇದ್ದರೂ. ಈಗಲಾದರೂ ಹೇಳಬೇಕು ಅಂತ ಕಿಟಕಿಯ ಹತ್ತಿರ ಹೋದೆ. ಅವಳೇ ಬಗ್ಗಿ ನನ್ನ ಕೈ ಹಿಡಿದಳು.

“ಬಾಬು, ನೀನು ಸವಾ?” ಚೆನ್ನಾಗಿದ್ದೀಯಾ, ಅಂತ.

ಬಾಯಿ ತನ್ನಷ್ಟಕ್ಕೆ ತೆರೆಯಿತು. ಏನಿಲ್ಲ ತಾಯಿ, ಹೇಗೋ ನಡೆಯುತ್ತಿದೆ, ಅಂದುಬಿಟ್ಟೆ.