ಗುರುವಾರ ಮುಚ್ಚುವ ಬಾಗಿಲು

ಸೈರಾಬಾನು ಬಾಯಾರಿಗೆ,

ಚಿಕ್ಕನರಗುಂದದ ಗುಡ್ಡವ್ವನ ಮಗಳು ರಾಜರತ್ನ ಮಾಡುವ ನಮಸ್ಕಾರ.

ರೋಣದ ಕೂಟದಲ್ಲಿ ನೀವೇ ಹೇಳಿದಿರಿ: 'ಮನಸ್ಸಿನ್ಯಾಗ ಇದ್ದದ್ದನ್ನ ಯಾರಿಗಾದ್ರೂ ಒಂದು ಪತ್ರ ಬರೀರಿ. ಬೈಬೇಕನಿಸಿದ್ರ ಬೈರಿ. ಕೊಡೂದು ಬಿಡೂದು ನಿಮಗ ಬಿಟ್ಟದ್ದು.' ಮನೆಯಲ್ಲಿ ಕ್ಯಾನ್ಸರ್ ರೋಗಿಗಳನ್ನು ನೋಡಿಕೊಳ್ಳುವ ನಾವಷ್ಟೂ ಜನ ತಲೆ ಬಗ್ಗಿಸಿ ಕುಳಿತೆವು. ನನ್ನ ಪಕ್ಕದಲ್ಲಿದ್ದ ಪುರ್ತಗೇರಿಯ ಸಣ್ಣಪ್ಪ, ಗಂಟಲ ಕ್ಯಾನ್ಸರಿನ ಹೆಂಡತಿಯನ್ನು ನೋಡಿಕೊಳ್ಳುತ್ತಿರುವವನು, ದೇವರಿಗೇ ಬರೆಯತೊಡಗಿದ. ನನಗೆ ಬೈಯಲು ದೇವರಿಗಿಂತ ಹತ್ತಿರದವರು ನೀವೇ ಕಂಡಿರಿ. ನಿಮ್ಮೆದುರಿಗೇ ಕುಳಿತು ನಿಮ್ಮನ್ನು ಬೈದು ಬರೆಯುವುದು ಹೇಗೆ? ಅದಕ್ಕೇ ಮನೆಗೆ ಬಂದು ಬರೆಯುತ್ತಿದ್ದೇನೆ.

ಬಾಯಾರೇ, ನಿಮ್ಮನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಇದರಲ್ಲಿ ಸುತ್ತುಬಳಸಿ ಹೇಳುವಂಥದ್ದೇನಿಲ್ಲ.

ಹುಬ್ಬಳ್ಳಿಯ ದವಾಖಾನೆಯಲ್ಲಿ ಅವ್ವನ ಎಡದ ಎದೆ ತೆಗೆದ ಮೇಲೆ ಅವಳನ್ನು ನನ್ನ ಮನೆಗೆ ಕರೆತಂದೆ. ಗಂಜಿ ಕುಡಿಸಿದವಳು ನಾನು, ವಾಂತಿ ಬಳಿದವಳು ನಾನು, ಕೂದಲು ಉದುರಿದಾಗ ದಿಂಬು ಝಾಡಿಸಿದವಳೂ ನಾನೇ. ರೋಗಿಗಳ ಮನೆ ಮನೆಗೆ ಹೋಗಿ ಆರೈಕೆ ಹೇಳಿಕೊಡುವ ನೀವು ಬರುವುದು ವಾರಕ್ಕೊಮ್ಮೆ. ಗಜೇಂದ್ರಗಡದಿಂದ ಹೊರಟು, ರೋಣದಲ್ಲಿ ಬಸ್ಸು ಬದಲಿಸಿ, ಇಸ್ತ್ರಿ ಮುರಿಯದ ಸೀರೆಯಲ್ಲಿ ನಗುತ್ತಾ ಬಂದು ನಿಲ್ಲುತ್ತೀರಿ. ಗುರುವಾರ ಬಂತೆಂದರೆ ನಮ್ಮವ್ವ ಬೆಳಿಗ್ಗೆಯೇ ಮುಖ ತೊಳೆದು, ಆಗಷ್ಟೇ ಚಿಗುರಿದ ಕೂದಲಿಗೆ ಎಣ್ಣೆ ಹಚ್ಚಿಕೊಂಡು ಕೂರುತ್ತಾಳೆ. 'ಬಸ್ಸು ಬಂತೇನ ನೋಡ' ಎಂದು ನನ್ನನ್ನೇ ಕಟ್ಟೆಗೆ ಅಟ್ಟುತ್ತಾಳೆ. ನಾನು ಕೊಟ್ಟ ರೊಟ್ಟಿ ಗಂಟಲಲ್ಲಿ ಇಳಿಯುವುದಿಲ್ಲ, ನಿಮ್ಮ ಡಬ್ಬಿಯ ಶೇಂಗಾ ಹೋಳಿಗೆ ಅರ್ಧ ಮಾಯ. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರಲ್ಲ, ಆ ಗಿಡ ನಾನು. ಓಣಿಯ ಹೆಂಗಸರೆದುರು ಅವ್ವ ಆಡಿದ ಮಾತು ಇನ್ನೂ ಕಿವಿಯಲ್ಲಿದೆ: 'ಬಾಯಾರು ಹಡದವರಂಗ ನೋಡ್ಕೋತಾರವಾ ನನ್ನ.' ನಾನು ಅಲ್ಲೇ ಅವಳ ಸೀರೆ ಹಿಂಡುತ್ತಿದ್ದೆ. ಎಷ್ಟು ಹಿಂಡಿದೆನೆಂದರೆ ಸೆರಗು ಪರ್ರೆಂದಿತು.

ಇದನ್ನೆಲ್ಲ ಸಹಿಸಿಕೊಳ್ಳುತ್ತಿದ್ದೆನೇನೋ. ಸಹಿಸಲಾಗದ್ದು ಆ ಬಾಗಿಲು. ನೀವು ಒಳಗೆ ಹೋದ ಕೂಡಲೇ ಅವ್ವ 'ಬಾಗಲಾ ಮುಂದಕ್ಕ ಮಾಡು ರತ್ನಿ' ಎನ್ನುತ್ತಾಳೆ. ನನ್ನ ಮನೆಯ ಬಾಗಿಲು, ನನ್ನ ಕೈಯಿಂದಲೇ ಮುಚ್ಚಬೇಕು, ನಾನು ಹೊರಗೆ. ನಿಮಗೂ ಇದೇ ರೋಗ ಬಂದು ಹೋಗಿದೆ, ಅವ್ವನಿಗೆ ಧೈರ್ಯ ಬರಲೆಂದು ನೀವು ನಿಮ್ಮ ಗಾಯದ ಗುರುತು ತೋರಿಸಿದಿರಂತೆ. ಅವಳೂ ತೋರಿಸಿದಳಂತೆ. ನನಗೆ ಇಂದಿನವರೆಗೂ ತೋರಿಸಿರಲಿಲ್ಲ. ಒಂದೇ ಕೈಯಲ್ಲಿ ನೀರು ಹಾಕಿಕೊಳ್ಳಲು ಒದ್ದಾಡಿದರೂ ಬಚ್ಚಲಿಗೆ ನನ್ನನ್ನು ಬಿಟ್ಟವಳಲ್ಲ. ಒಮ್ಮೆಯಂತೂ ನೀವಿಬ್ಬರೂ ಒಳಗೆ ಬಿದ್ದು ಬಿದ್ದು ನಕ್ಕಿರಿ. ಆಪರೇಷನ್ ಆದ ಮೇಲೆ ಅವ್ವ ಹಾಗೆ ನಕ್ಕದ್ದು ಅದೇ ಮೊದಲು. ಒಲೆಯ ಮೇಲೆ ಹಾಲು ಉಕ್ಕಿ ಹೋಗುತ್ತಿತ್ತು, ನಾನು ಬಾಗಿಲಿಗೆ ಕಿವಿ ಹಚ್ಚಿ ನಿಂತಿದ್ದೆ. ಏನೂ ತಿಳಿಯಲಿಲ್ಲ.

ನಾನು ಯಾರು ಬಾಯಾರೇ? ಸುತ್ತಿನ ಊರಿನ ಬಾಣಂತಿಯರಿಗೆ ಎಣ್ಣೆ ತಿಕ್ಕಿ ಎರೆಯುವವಳು. ನನ್ನ ಕಾಲ ಮೇಲೆ ಮಲಗಿ ಎರೆಸಿಕೊಂಡ ಕೂಸುಗಳು ಈಗ ಕಾಲೇಜಿಗೆ ಹೋಗುತ್ತಿವೆ. ನರಗುಂದದಿಂದಲೂ ಹೇಳಿ ಕಳಿಸುತ್ತಾರೆ. ಈ ವಿದ್ಯೆ ಕಲಿಸಿದವಳು ಅವ್ವನೇ. ಊರ ಹೆಂಗಸರೆಲ್ಲ ನಾಚಿಕೆ ಬಿಟ್ಟು ನನ್ನ ಕೈಗೆ ಮೈಯೊಪ್ಪಿಸುತ್ತಾರೆ, ಹೆತ್ತವಳು ಚಿಲಕ ಹಾಕಿಕೊಳ್ಳುತ್ತಾಳೆ.

ಅವಳ ಎಡಗೈ ಬಾತುಕೊಂಡಾಗ ನೀವು ಬಂದು ಸವರಿದಿರಿ. ಬೆರಳಿನಿಂದ ಭುಜದ ಕಡೆಗೆ, ಬೆಕ್ಕಿನ ಮೈ ಸವರಿದಷ್ಟು ಮೆಲ್ಲಗೆ. 'ಜೋರ ಒತ್ತಬಾರದ್ರಿ, ಬಿಸಿ ತಾಗಿಸಬಾರದ್ರಿ' ಎಂದು ನನಗೂ ಹೇಳಿದಿರಿ. ಇದೂ ಒಂದು ತಿಕ್ಕುವುದೇ ಎಂದು ನಾನು ಒಳಗೊಳಗೇ ನಕ್ಕೆ. ತಿಕ್ಕುವುದನ್ನು ಇವಳಿಂದ ನಾನು ಕಲಿಯಬೇಕೇ? ಮರುದಿನವೇ ಅಜವಾನ, ಬೆಳ್ಳುಳ್ಳಿ ಹಾಕಿ ಎಣ್ಣೆ ಕಾಯಿಸಿದೆ. ಹಸಿ ಬಾಣಂತಿಯ ರಟ್ಟೆ ತಿಕ್ಕುವ ಹಾಗೆ ಭುಜದಿಂದ ಬೆರಳಿನ ತುದಿಯವರೆಗೆ ನೀವಿ ನೀವಿ ತಿಕ್ಕಿದೆ, ಬಿಸಿನೀರಿನಲ್ಲಿ ಅದ್ದಿದ ಅರಿವೆಯಿಂದ ಕಾಸಿದೆ. ಅವ್ವ ಕಣ್ಣು ಮುಚ್ಚಿ ಕುಳಿತಿದ್ದಳು. 'ಹ್ಯಾಂಗೈತಿ?' ಎಂದೆ. 'ಆರಾಮ ಅನಸ್ತು ನನ್ನವ್ವಾ' ಎಂದಳು. ಆ ದಿನ ನಾನು ಬಹಳ ಮೆರೆದೆ. ನನ್ನ ಗಂಡ ಕನಕಪ್ಪನೆದುರು 'ಇನ್ನ ಆ ಬಾಯಾರು ಬರೂದು ಬ್ಯಾಡ ಅಂತ ಹೇಳ್ರಿ' ಎಂದೂ ಹೇಳಿದೆ.

ಮುಂದಿನದು ನಿಮಗೆ ಗೊತ್ತು. ಬೆಳಗಾಗುವುದರಲ್ಲಿ ಕೈ ಕೆಂಪಗೆ ಊದಿ ಬಿಗಿದಿತ್ತು, ಮೈ ಕೆಂಡದಂತೆ ಸುಡುತ್ತಿತ್ತು. ಫೋನ್ ಹಚ್ಚುವಾಗ ನನ್ನ ಬೆರಳು ಹೋದದ್ದು ನಿಮ್ಮ ನಂಬರಿಗೇ. ಅದು ಗುರುವಾರವಲ್ಲ, ಆದರೂ ಬಂದಿರಿ. ನರಗುಂದದ ದವಾಖಾನೆಯಲ್ಲಿ ಡಾಕ್ಟರು ಎಣ್ಣೆಯ ವಾಸನೆ ಹಿಡಿದು ನನ್ನನ್ನು ಚೆನ್ನಾಗಿ ಬೈದರು, ಅದು ಸರಿಯೇ. ನೀವು ಮಾತ್ರ ಒಂದು ಮಾತು ಬೈಯಲಿಲ್ಲ. ಬೈದಿದ್ದರೆ ನಾನೂ ಎರಡು ತಿರುಗಿ ಬೈದು ಹಗುರಾಗುತ್ತಿದ್ದೆ. ನೀವು ಚಹಾ ತಂದುಕೊಟ್ಟಿರಿ. ಆ ಚಹಾವನ್ನು ನಿಮ್ಮ ಮುಖಕ್ಕೆ ಚೆಲ್ಲಬೇಕು ಅನಿಸಿತ್ತು, ದೇವರಾಣೆ.

ಅವ್ವನ ಜ್ವರ ಇಳಿದ ಮೇಲೆ ದವಾಖಾನೆಯ ಮೆಟ್ಟಿಲ ಮೇಲೆ ಕುಳಿತು ನೀವು ಹೇಳಿದಿರಿ: 'ಅವ್ವಾರು ನೀವು ತಿಕ್ಕುವಾಗನ ಜೀವಾ ಹೋಗುವಷ್ಟು ನೋವು ತಿಂದಾರ್ರಿ. ಯಾಕ ಹೇಳಲಿಲ್ಲ ಅಂತ ಕೇಳಿದೆ. ನನ್ನ ಮಗಳ ಕೈ ಅಂದ್ರ ಊರಿಗೆ ಹೆಸರು, ಆ ಕೈನ ಬ್ಯಾಡ ಅಂದ್ರ ಆಕಿಗೆ ಏನು ಉಳೀತೈತಿ ಅಂದ್ರು.' ನಾನು ಅತ್ತೆ. ನಾನು ಮಾಡಿದ್ದಕ್ಕೆ ಅತ್ತೆ ಎಂದು ನೀವು ತಿಳಿದಿರಬೇಕು, ಬೆನ್ನು ಸವರಿದಿರಿ. ಅದಕ್ಕೂ ಹೌದು. ಆದರೆ ಅರ್ಧ ಅಳು ಹೊಟ್ಟೆಕಿಚ್ಚಿನದೇ ಆಗಿತ್ತು. ನೋಡಿ, ಆ ಮಾತನ್ನೂ ಅವಳು ನಿಮಗೇ ಹೇಳಿದ್ದಳು. ನಿಮ್ಮೆದುರು ನೋವು, ನನ್ನೆದುರು 'ಆರಾಮ'.

ಅದಾದ ಮೇಲೆಯೇ ನಾನು ರೋಣದ ಕೂಟಕ್ಕೆ ಬಂದದ್ದು. ಮೊದಲು ನೀವು ಕರೆದಾಗಲೆಲ್ಲ 'ನನಗೇನು ರೋಗ ಬಂದೈತ್ರಿ?' ಎಂದು ಜಾಡಿಸುತ್ತಿದ್ದೆ. ಅಲ್ಲಿ ನೀವು ಏನು ಬೇಕು ಎಂದು ಎಲ್ಲರನ್ನೂ ಕೇಳಿದಿರಿ. ಸಣ್ಣಪ್ಪ ಒಂದು ದಿನ ಕಣ್ತುಂಬ ನಿದ್ದೆ ಬೇಕು ಎಂದ. 'ನಮ್ಮವ್ವ ನನಗ ಬೈಬೇಕ್ರಿ' ಎಂದೆ ನಾನು. ಎಲ್ಲರೂ ನಕ್ಕರು. ನೀವು ನಗದೆ, 'ಹಂಗಂತ ಆಕಿಗೇ ಹೇಳ್ರಿ' ಎಂದಿರಿ.

ಮನೆಗೆ ಬಂದವಳೇ ಚಪ್ಪಲಿ ಬಿಡುವ ಮೊದಲೇ ಹೇಳಿದೆ, 'ಯವ್ವಾ, ನೋವಾದ್ರ ನನಗ ಬೈ. ಗುರುವಾರತನಕ ಕಟ್ಟಿ ಇಡಬ್ಯಾಡ.' ಅವಳು 'ಹುಚ್ಚಿ' ಎಂದು ಗೋಡೆಯ ಕಡೆ ತಿರುಗಿದಳು. ಅಲ್ಲಿಗೆ ಮುಗಿಯಿತು ಅಂದುಕೊಂಡೆ.

ಇವತ್ತು ಬೆಳಿಗ್ಗೆ ರೊಟ್ಟಿ ಬಡಿಯುತ್ತಿದ್ದೆ. ಬಚ್ಚಲಿನಿಂದ ಕೂಗು ಬಂತು. 'ರತ್ನೀ, ಬೆನ್ನಿಗೆ ಕೈ ಮುಟ್ಟವಲ್ದು, ಬಾ ಇಲ್ಲೆ.' ಹಿಟ್ಟಿನ ಕೈಯಲ್ಲೇ ಓಡಿದೆ. ಚಿಲಕ ಹಾಕಿರಲಿಲ್ಲ. ಅವ್ವ ಮಣೆಯ ಮೇಲೆ ಬಾಗಿಲ ಕಡೆಗೇ ಮುಖ ಮಾಡಿ ಕುಳಿತಿದ್ದಳು. ನಾನು ನೋಡಿದೆ. ಏನು ಬರೆಯಲಿ, ನಿಮಗೆ ಗೊತ್ತಿಲ್ಲದ್ದೇ? ನಾನು ಕೈಯ ಹಿಟ್ಟು ತೊಳೆದು ತಂಬಿಗೆ ಹಿಡಿಯುವಷ್ಟರಲ್ಲಿ ಅವಳೇ ಮಾತಾಡಿದಳು: 'ಕೂಸಿದ್ದಾಗ ಬಲದ ಕಡೆ ಬಾಯಿ ಹಚ್ಚತಿದ್ದಿಲ್ಲ ನೀ. ಈ ಎಡಗಡೆದ ಬೇಕಾಗಿತ್ತು ನಿನಗ, ಕೈಕಾಲು ಬಡದು ಅಳತಿದ್ದಿ. ಅದನ್ನ ತಗದಾರ ಅಂತ ನಿನಗ ಹ್ಯಾಂಗ ತೋರಸ್ಲಿ?'

ಬಾಯಾರೇ, ಇಷ್ಟು ದಿನ ಬಾಗಿಲಾಚೆ ನಿಂತು ನಾನು ಏನೇನೋ ಎಣಿಸಿದ್ದೆ, ಇದೊಂದನ್ನು ಎಣಿಸಿರಲಿಲ್ಲ. ಅವಳು ನನ್ನಿಂದ ಮುಚ್ಚಿಟ್ಟದ್ದು ನನ್ನದನ್ನೇ.

ನೀರು ಉಗುರುಬೆಚ್ಚಗಿತ್ತು, ಬೆರಳು ಅದ್ದಿ ನೋಡಿಯೇ ಹಾಕಿದೆ. ಬೆನ್ನು ತಿಕ್ಕಿ, ನೀವು ಹೇಳಿದಂತೆಯೇ ಕೈ ಸವರತೊಡಗಿದೆ. ಹಳೆಯ ಚಾಳಿ ಎಲ್ಲಿ ಬಿಟ್ಟೀತು, ಹೆಬ್ಬೆರಳು ಸ್ವಲ್ಪ ಊರಿತು. ಕೂಡಲೇ ಬಂತು ನೋಡಿ: 'ನಿನ್ನ ಕೈ ಸೇದಿ ಹೋಗ್ಲಿ! ಮೆಲ್ಲಗ ಹಿಡಿಯಾಕ ಏನು ರೋಗಾ ನಿನಗ? ನೋಯತೈತೆ, ಭಾಡ್ಯಾ!' ಅಕ್ಕಪಕ್ಕದ ಮನೆಗೂ ಕೇಳಿರಬೇಕು. ನಾನು ನಗುತ್ತಿದ್ದೆ, ಅಳುತ್ತಿದ್ದೆ, ಅವಳು ಇನ್ನಷ್ಟು ಬೈಯುತ್ತಿದ್ದಳು. ಆಮೇಲೆ ಅವಳೇ ಆ ದಿನದ ನಗೆಯ ಗುಟ್ಟೂ ಹೇಳಿದಳು. ರವಿಕೆಯೊಳಗೆ ಇಟ್ಟುಕೊಳ್ಳಲೆಂದು ನೀವು ಹತ್ತಿಯ ಜೊತೆ ತೂಕಕ್ಕೆ ನವಣೆ ತುಂಬಿ ಹೊಲಿದುಕೊಟ್ಟ ಚೀಲ ನೋಡಿ ಅವಳು ಕೇಳಿದ್ದು: 'ಮಕ್ಕೊಂಡಾಗ ಇಲಿ ಬಂದ್ರ ಹ್ಯಾಂಗ್ರಿ ಬಾಯಾರ?' ಇಷ್ಟಕ್ಕೇ ನನ್ನ ಹಾಲು ಉಕ್ಕಿಸಿದಿರಾ ನೀವಿಬ್ಬರೂ!

ನನ್ನ ಹೊಟ್ಟೆಕಿಚ್ಚು ಪೂರ್ತಿ ಆರಿದೆ ಅನ್ನಲಾರೆ. ಆದರೆ ಒಂದು ಮಾತು ಲೆಕ್ಕಕ್ಕಿರಲಿ. ನಿಮಗೆ ಸಿಗುವುದು 'ಬರ್ರಿ ಬಾಯಾರ, ಕುಂಡ್ರಿ ಬಾಯಾರ'. 'ಭಾಡ್ಯಾ' ಎಂದು ಬೈಸಿಕೊಳ್ಳುವ ಭಾಗ್ಯ ನಿಮಗೆ ಜನ್ಮದಲ್ಲಿ ಸಿಗುವುದಿಲ್ಲ.

ಗುರುವಾರ ತಪ್ಪದೆ ಬನ್ನಿ. ಹೋಳಿಗೆ ಎರಡು ಜಾಸ್ತಿ ತನ್ನಿ, ನನಗೂ ಬೇಕು. ಬಂದಾಗ ಬಾಗಿಲು ಮುಚ್ಚಿದ್ದರೆ ಬಡಿಯಬೇಡಿ, ಕಟ್ಟೆಯ ಮೇಲೆ ಸ್ವಲ್ಪ ಹೊತ್ತು ಕುಳಿತಿರಿ. ಒಳಗೆ ನಾನು ಅವ್ವನಿಗೆ ಎರೆಯುತ್ತಿರುತ್ತೇನೆ.

ನೀವು ನೂರು ವರ್ಷ ಗಟ್ಟಿಯಾಗಿ ಬಾಳಿರಿ, ನಿಮ್ಮ ಹೊಟ್ಟೆ ತಣ್ಣಗಿರಲಿ.

ನಿಮ್ಮ ಮೇಲೆ ಇನ್ನೂ ಒಂದಿಷ್ಟು ಸಿಟ್ಟು ಉಳಿಸಿಕೊಂಡಿರುವ,
ರಾಜರತ್ನ