ಕೂಸಿನ ಬಟ್ಟಲು ಬಳಿದುಂಡ ತಪಾಸಣಾಧಿಕಾರಿಗಳಿಗೆ

ಪೌಷ್ಟಿಕ ಆಹಾರ ತಪಾಸಣೆಯ ಸಾಹೇಬರೇ,

ನಮ್ಮೂರ ಶಿಶುಪಾಲನಾ ಕೇಂದ್ರದಲ್ಲಿ ಕೂಸುಗಳನ್ನು ನೋಡಿಕೊಳ್ಳುವ ಮುನ್ನಿಬೀಗೆ ನೀವು ಕೊಟ್ಟಿರುವ ನೋಟೀಸನ್ನು ವಾಪಸು ಪಡೆಯಬೇಕು. ಬೇರೆಯವರಾಗಿದ್ದರೆ ಈ ಮಾತನ್ನು ಪತ್ರದ ಕೊನೆಯಲ್ಲಿ, ಕೈಮುಗಿದು ಹೇಳುತ್ತಿದ್ದರು. ನಾನು ಮೊದಲಿಗೇ ಹೇಳುತ್ತೇನೆ, ಏಕೆಂದರೆ ನಿಮ್ಮ ಕಚೇರಿಯಲ್ಲಿ ಯಾವ ಕಾಗದವನ್ನೂ ಕೊನೆಯವರೆಗೆ ಓದುವ ರೂಢಿ ಇದ್ದಂತಿಲ್ಲ.

ಅಪರಾಧವನ್ನು ನೀವು ಹೀಗೆ ಬರೆದಿದ್ದೀರಿ: 'ಅನುಮೋದನೆ ಇಲ್ಲದ ಅರೆದ್ರವ ಆಹಾರವನ್ನು ಶಿಶುವಿಗೆ ನೀಡಿರುವುದು.' ಏಳನೆಯ ಇಯತ್ತೆಯವರೆಗೆ, ಅದೂ ಹಳ್ಳಿಯ ಸಾಲೆಯಲ್ಲಿ ಓದಿದ ನನಗೆ ಅರೆದ್ರವ ಎಂದರೆ ಟ್ರ್ಯಾಕ್ಟರಿನ ಗ್ರೀಸು ನೆನಪಾಯಿತು. ಮುನ್ನಿಬೀ ಕೂಸಿಗೆ ಗ್ರೀಸು ತಿನ್ನಿಸಿದಳೇ ಎಂದು ಒಂದು ಗಳಿಗೆ ಗಾಬರಿಯಾದೆ. ಆಮೇಲೆ ತಿಳಿಯಿತು, ಅದು ನಾನೇ ಹೇಳಿಕೊಟ್ಟು ಮಾಡಿಸಿದ ಬೇಳೆ-ಕುಂಬಳಕಾಯಿ.

ಕೂಸು ನನ್ನ ತಂಗಿ ಶಿವಲೀಲಾಳ ಮಗಳು ಶಾಂಭವಿ. ಎಂಟು ತಿಂಗಳಾಗಿದೆ. ತಂಗಿ ಕಡೇಚೂರಿನ ಕಡೆ ಕಾರ್ಖಾನೆಗೆ ಹೋಗುತ್ತಾಳೆ. ಬೆಳಗ್ಗೆ ಹಾಲು ಕುಡಿಸಿ ಕೂಸನ್ನು ಕೇಂದ್ರದಲ್ಲಿ ಬಿಟ್ಟರೆ ಮತ್ತೆ ಎದೆಗೆ ಹಚ್ಚುವುದು ಹೊತ್ತು ಮುಳುಗಿದ ಮೇಲೆ. ನಡುವಿನ ಹೊತ್ತೆಲ್ಲ ನಿಮ್ಮ ಪೊಟ್ಟಣದ ಸಿಹಿ ಹಿಟ್ಟಿನ ಮೇಲೆ ಕಳೆಯಬೇಕು. ಹಿಟ್ಟು ಕೆಟ್ಟದ್ದೆಂದು ನಾನು ಹೇಳಲಾರೆ. ಬೇರೆ ಕೂಸುಗಳು ಚಪ್ಪರಿಸುತ್ತವೆ. ನಮ್ಮದು ಮಾತ್ರ ಮುಖ ತಿರುಗಿಸುತ್ತದೆ, ಒತ್ತಾಯ ಮಾಡಿದರೆ ಫುರ್ರ್ ಎಂದು ಉಗುಳುತ್ತದೆ. ತಕ್ಕಡಿಯಲ್ಲಿಟ್ಟರೆ ಮುಳ್ಳು ಹೋದ ತಿಂಗಳಿದ್ದಲ್ಲೇ ನಿಂತಿತ್ತು. ಅದರದೇನು ತಪ್ಪು? ಹೋಳಿಗೆ ಬಡಿಸಿದರೂ ಕಟ್ಟಿನ ಸಾರು ಎಲ್ಲಿ ಎಂದು ಕೇಳುವ ಮನೆತನ ನಮ್ಮದು.

ಆಗ ನಾನು ಕೈ ಹಾಕಿದೆ. ಶಹಾಪುರದಿಂದ ಸುರಪುರದವರೆಗೆ ಎಲ್ಲಿ ಮದುವೆಯಾದರೂ ಬೇಳೆಯ ಹದ ನೋಡಲು ನಾನೇ ಬೇಕು. ಯಾರೂ ಕರೆಯದಿದ್ದರೂ ಹೋಗುತ್ತೇನೆ, ಅದು ಬೇರೆ ಮಾತು. ಹೆಸರುಬೇಳೆ, ಅದರ ಅರ್ಧ ಜೋಳದ ನುಚ್ಚು, ಸಿಪ್ಪೆ ತೆಗೆದ ಕುಂಬಳಕಾಯಿ, ನಾಲ್ಕು ಎಳೆಯ ರಾಜಗಿರಿ ಎಲೆ. ಬೆರಳಲ್ಲಿ ಹಿಸುಕಿದರೆ ಬೆಣ್ಣೆಯಾಗುವಷ್ಟು ಬೇಯಬೇಕು. ಕಡಗೋಲಿನಿಂದ ಕಡೆದು, ಜರಡಿಯಲ್ಲಿ ಒತ್ತಿ ತೆಗೆದು, ಮೇಲೆ ಚಿಟಿಕೆ ಹುರಿದ ಜೀರಿಗೆಯ ಪುಡಿ, ಎರಡು ಹನಿ ತುಪ್ಪ. ಖಾರ ಇಲ್ಲ. ಉಪ್ಪೂ ಇಲ್ಲ, ವರ್ಷ ತುಂಬುವವರೆಗೆ ಬೇಡವೆಂದು ನರ್ಸಮ್ಮ ಹೇಳಿದ್ದಾರೆ. ಉಪ್ಪಿಲ್ಲದೆ ರುಚಿ ತರುವ ವಿದ್ಯೆ ಈ ಜಿಲ್ಲೆಯಲ್ಲಿ ನನ್ನೊಬ್ಬನಿಗೇ ಗೊತ್ತು. ಈಗ ಮುನ್ನಿಬೀಗೂ ಗೊತ್ತು. ಕೂಸು ಮೊದಲ ತುತ್ತಿಗೆ ಹುಬ್ಬು ಗಂಟಿಕ್ಕಿತು, ಎರಡನೆಯದಕ್ಕೆ ಯೋಚಿಸಿತು, ಮೂರನೆಯದಕ್ಕೆ ಮುನ್ನಿಬೀಯ ಮಣಿಕಟ್ಟನ್ನೇ ಹಿಡಿದೆಳೆಯಿತು. ತಿಂಗಳೊಪ್ಪತ್ತಿನಲ್ಲಿ ತಕ್ಕಡಿಯ ಮುಳ್ಳೂ ಅಲುಗಿತು.

ಅಷ್ಟರಲ್ಲಿ ತಾವು ದಯಮಾಡಿಸಿದಿರಿ. ಉಣ್ಣುವ ಹೊತ್ತು. ನಾನು ಬಾಗಿಲ ಕಟ್ಟೆಯ ಮೇಲೆ ಬುತ್ತಿ ಬಿಚ್ಚಿಕೊಂಡು ಕೂತಿದ್ದೆ.

"ಏನಿದು?" ಎಂದು ಬಟ್ಟಲಿಗೆ ಬೆರಳು ತೋರಿಸಿದಿರಿ.

"ಕೂಸಿನ ಊಟರಿ ಸಾಹೇಬ್ರ. ಬ್ಯಾಳಿ, ಕುಂಬಳಕಾಯಿ," ಎಂದಳು ಮುನ್ನಿಬೀ.

"ಪರೀಕ್ಷಿಸಬೇಕು," ಎಂದಿರಿ. ಒಂದು ಚಮಚ ಪರೀಕ್ಷಿಸಿದಿರಿ. ಸಂಶಯ ತೀರದೆ ಇನ್ನೊಂದು. ಆಮೇಲೆ, "ಸ್ವಲ್ಪ ಉಪ್ಪು ಇದೆಯೇನಮ್ಮ?"

ನಾನು ಸುಮ್ಮನಿರಲಾರದೆ, "ಶೇಂಗಾ ಹಿಂಡಿ ಕಲಿಸಿಕೋರಿ ಸಾಹೇಬ್ರ, ತಪಾಸಣಾ ಇನ್ನಾ ಖುಲಾಸಾ ಆಗ್ತದ," ಎಂದು ನನ್ನ ಬುತ್ತಿಯ ಹಿಂಡಿ, ಅಂದರೆ ಉಪ್ಪು-ಖಾರದ ಚಟ್ನಿಪುಡಿ, ಕೊಟ್ಟೆ. ರೊಟ್ಟಿಯನ್ನೂ ಕೊಟ್ಟೆ. ಬಟ್ಟಲಿನ ಅಂಚನ್ನು ಬೆರಳಿನಿಂದ ಬಳಿಯುವವರೆಗೂ ತಪಾಸಣೆ ನಡೆಯಿತು. ಕೂಸು ಮುನ್ನಿಬೀಯ ತೊಡೆಯ ಮೇಲೆ ಕೂತು ನಿಮ್ಮನ್ನೇ ನೋಡುತ್ತಿತ್ತು. ನೀವು ಬಾಯಿ ತೆರೆದಾಗಲೆಲ್ಲ ತಾನೂ ತೆರೆಯುತ್ತಿತ್ತು. ತುತ್ತು ಮಾತ್ರ ಪ್ರತಿಸಲ ನಿಮ್ಮ ಕಡೆಗೇ ಹೋಗುತ್ತಿತ್ತು. ನೀವು ತೇಗಿ ಜೀಪು ಹತ್ತಿದಿರಿ. ವಾರದಲ್ಲಿ ನೋಟೀಸು ಬಂತು.

ಮಾನ್ಯರೇ, ಕೆಲವು ಸಂದೇಹಗಳಿವೆ. ಅನುಮೋದನೆ ಇಲ್ಲದ ಆಹಾರವನ್ನು ಬಡಿಸಿದವಳು ಅಪರಾಧಿಯಾದರೆ, ಬಳಿದು ಉಂಡವರು ಯಾರು? ಸಾಕ್ಷಿಯೇ, ಪಾಲುದಾರರೇ? ನಿಮ್ಮ ಆ ತೇಗನ್ನು ಇಲಾಖೆ ಅನುಮೋದನೆ ಎಂದು ಪರಿಗಣಿಸುವುದಿಲ್ಲವೇ? ಆ ಊಟ ವಿಷವಾಗಿದ್ದರೆ ನೋಟೀಸಿಗೆ ಸಹಿ ಹಾಕಲು ನೀವು ಹೇಗೆ ಉಳಿದಿರಿ?

ಉತ್ತರ ಕೊಡದಿದ್ದರೆ ಕೆಲಸದಿಂದ ತೆಗೆಯುವುದಾಗಿ ಬರೆದಿದ್ದೀರಿ. ಅದಕ್ಕೆ ನಾನು ಮುನ್ನಿಬೀಗೆ, "ಸಾಹೇಬ್ರೇ ಉಂಡು ಹೋಗ್ಯಾರ ಅಂತ ಬರಿ, ಮುಗೀತು," ಎಂದೆ.

"ಬ್ಯಾಡ್ರಿ ಭಗವಂತಣ್ಣ. ಹಸ್ದು ಬಂದವ್ರು ಉಂಡಿದ್ದು ಊರ ಮುಂದ ಹೇಳ್ತಾರೇನ್ರಿ? ನೌಕರಿ ಹೋದ್ರ ಹೋಗ್ಲಿ," ಎಂದಳು.

ಕೇಳಿಸಿಕೊಂಡ ನನ್ನ ತಂಗಿ ನನ್ನ ಮೇಲೆಯೇ ಬಿದ್ದಳು: "ಆಕಿ ನೌಕರಿ ಹೋದ್ರ ನನ್ನ ಕೂಸಿನ್ನ ಯಾರು ಹಿಡೀತಾರ, ನೀ ಹಿಡೀತೀಯೇನು? ಮದಲ ಆ ಸಾಹೇಬಗ ಹಿಂಡಿ ಕೊಡು ಅಂತ ನಿನಗ್ಯಾರು ಹೇಳಿದ್ರು ಯಣ್ಣಾ? ಉಪ್ಪಿಲ್ದ ಎರಡು ಚಮಚ ತಿಂದು ಹೋಗ್ತಿದ್ದ!"

ತಂಗಿಯ ಮಾತು ನಿಜ. ಮುನ್ನಿಬೀಯ ಮಾತು ನಮ್ಮ ಸೀಮೆಯ ನಡತೆ. ವೈರಿ ಉಂಡರೂ ನಾವು ತುತ್ತು ಎಣಿಸುವುದಿಲ್ಲ. ಆದರೆ ಉಂಡ ಮನೆಯ ಜಂತಿ ಎಣಿಸಬಾರದು ಎಂಬ ಮಾತೂ ಇದೆಯಲ್ಲ? ನೀವು ಎಣಿಸಿದ್ದಷ್ಟೇ ಅಲ್ಲ, ಜಂತಿಗೊಂದು ನೋಟೀಸು ಅಂಟಿಸಿದ್ದೀರಿ. ಹೀಗಾಗಿ ಆಕೆ ಬಾಯಿಬಿಡದ್ದನ್ನು ನಾನು ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ. ನಡತೆಗೆಟ್ಟವನೆಂದು ಊರು ನನ್ನನ್ನು ಬಯ್ಯಲಿ, ಅಭ್ಯಾಸವಿದೆ.

ನೋಟೀಸು ವಾಪಸಾಗಲಿ. ಸಿಹಿ ಒಲ್ಲದ ಕೂಸಿಗೆ ಬೇಳೆ ಬೇಯಿಸಿ ಕಡೆದು ತಿನ್ನಿಸಲು ಲಿಖಿತ ಒಪ್ಪಿಗೆ ಬರಲಿ. ಪ್ರಯೋಗಾಲಯಕ್ಕೆ ಕಳಿಸಬೇಕೆಂದರೆ ಡಬ್ಬಿ ತುಂಬಿ ಕೊಡುತ್ತೇನೆ. ದಾರಿಯಲ್ಲಿ ಖಾಲಿಯಾಗದಂತೆ ನೋಡಿಕೊಳ್ಳುವ ಜವಾಬ್ದಾರಿ ತಮ್ಮದು. ನೋಟೀಸು ಬಂದಾಗಿನಿಂದ ಮುನ್ನಿಬೀ ಹೆದರಿ ಬೇಳೆ ಬೇಯಿಸುತ್ತಿಲ್ಲ. ಕೂಸು ಸಿಹಿ ಹಿಟ್ಟಿನ ಮುಂದೆ ತುಟಿ ಬಿಗಿದುಕೊಂಡು, ಸಂಜೆ ತಾಯಿ ಬರುವ ದಾರಿ ಕಾಯುತ್ತಿದೆ. ಅದಕ್ಕೆ ಇನ್ನೂ ಮಾತು ಬಂದಿಲ್ಲ. ಮುನ್ನಿಬೀಗೆ ಬಂದರೂ ಆಡುವುದಿಲ್ಲ. ನನಗೆ ಬರುತ್ತದೆ, ಮತ್ತು ಒಲೆ ಹೊತ್ತುವವರೆಗೆ ನಿಲ್ಲುವುದಿಲ್ಲ.

ಇಂತಿ,
ಈ ಪತ್ರ ಅಚ್ಚಾದ ದಿನದಿಂದ ಮುನ್ನಿಬೀಗೆ ಮುಖ ತೋರಿಸಲಾಗದ,
ಶಾಂಭವಿಯ ಸೋದರಮಾವ
ಭಗವಂತರಾಯ
ಸೈದಾಪುರದ ಆಚೆಯ ಹಳ್ಳಿಯಿಂದ