ಮಗ್ರಿಬಿನ ಬಾಂಗಿಗೆ ಮುಂಚೆ

ಕಡಬ
೨೫-೩-೧೯೬೫, ಗುರುವಾರ

ಪ್ರೀತಿಯ ಉಪ್ಪನಿಗೆ ಮಗಳು ರುಕಿಯಾಳ ಸಲಾಂ.

ನಿಮ್ಮ ಕಾಗದ ನಿನ್ನೆ ಸಂಜೆ ಕೈಸೇರಿತು. ಬೊಂಬಾಯಿಯಲ್ಲಿ ನಿಮ್ಮ ಕೆಮ್ಮು ಹೇಗಿದೆ ಎಂದು ಹುಡುಕಿದೆ. ಕೆಮ್ಮಿನ ಸುದ್ದಿಯೇ ಇರಲಿಲ್ಲ, ಇದ್ದದ್ದೆಲ್ಲ ಸಿಟ್ಟು.

ಗಂಡ ತೀರಿಕೊಂಡವಳು ನಾಲ್ಕು ತಿಂಗಳು ಹತ್ತು ದಿನ ಹೊಸ್ತಿಲು ದಾಟಬಾರದೆಂದು ನೀವು ಬರೆದಿದ್ದೀರಿ. ಇದ್ದತ್ ಕೂತವಳು ನಾನು ಉಪ್ಪ, ಅದು ನನಗೆ ಮರೆಯುತ್ತದೆಯೇ? ಪರೀಕ್ಷೆಯನ್ನು ಅರ್ಧಕ್ಕೇ ಬಿಡು, ಶುಕ್ರವಾರ ಮಮ್ಮು ಮಾಮ ಬರುತ್ತಾನೆ, ಅವನ ಜೊತೆ ಕಲ್ಲುಗುಂಡಿಯ ನಮ್ಮ ಮನೆಗೆ ಹೊರಡು ಎಂದೂ ಬರೆದಿದ್ದೀರಿ. ಪರೀಕ್ಷೆಗೆಂದು ಪುತ್ತೂರಿಗೆ ಹೋಗಿ ಬಂದರೆ ಮುರಿಯುವ ಇದ್ದತ್, ಗಂಟುಮೂಟೆ ಕಟ್ಟಿಕೊಂಡು ಕಲ್ಲುಗುಂಡಿಗೆ ಹೋದರೆ ಮುರಿಯುವುದಿಲ್ಲವೇ? ತಲೆಹರಟೆ ಎನ್ನಬೇಡಿ. ಉತ್ತರ ಗೊತ್ತಿದ್ದರೆ ಬರೆಯಿರಿ.

ನಾನು ಯಾರನ್ನೂ ಕೇಳದೆ ಹೊರಟವಳಲ್ಲ. ಹೆಡ್ ಮಾಸ್ತರರಾದ ಅಚ್ಚುತ ಮಾಸ್ಟ್ರು ಮೊದಲು ಬೇರೆ ದಾರಿಯನ್ನೇ ನೋಡಿದರು. ವರ್ಷವಿಡೀ ಕ್ಲಾಸಿಗೆ ಮೊದಲು ಬಂದವಳು, ಮನೆಯಲ್ಲಿ ಹೀಗಾಗಿದೆ, ಇವಳಿಗೆ ಎಸ್ಸೆಸ್ಸೆಲ್ಸಿ ಪರೀಕ್ಷೆ ಏಕೆ ಬೇಕು, ಶಾಲೆಯ ಮಾರ್ಕು ನೋಡಿಯೇ ಪಾಸು ಮಾಡಿ ಎಂದು ಇಲಾಖೆಗೆ ಬರೆದರು. ಪರೀಕ್ಷೆಗೆ ಕೂರದೆ ಪಾಸಿಲ್ಲ, ಬೇಕಾದರೆ ಬರುವ ವರ್ಷ ಬರೆಯಲಿ ಎಂದು ಜವಾಬು ಬಂತು. ಮಾಸ್ಟ್ರಿಗೆ ಬೇಜಾರಾಯಿತು. ಮೂರು ವರ್ಷ ಕಲಿಸಿದವನಿಗಿಂತ ಮೂರು ಗಂಟೆಯ ಕಾಗದವೇ ಮೇಲಾಯಿತು ಎಂದರು.

ಮಾಸ್ಟ್ರು ಹೇಳಿದ್ದು ತಪ್ಪೆಂದು ನಾನು ಹೇಳುವುದಿಲ್ಲ. ಆದರೆ ನಿಜ ಹೇಳುತ್ತೇನೆ, ಆ ಜವಾಬು ಕೇಳಿ ನನಗೆ ಒಳಗೊಳಗೇ ಸಮಾಧಾನವಾಯಿತು. ಉತ್ತರದ ಕಾಗದದಲ್ಲಿ ಹೆಸರು ಬರೆಯಲಿಕ್ಕಿಲ್ಲ ಉಪ್ಪ, ನಂಬರು ಮಾತ್ರ. ಎಲ್ಲೋ ಕೂತು ಅದನ್ನು ತಿದ್ದುವವರಿಗೆ ಇವಳ ಗಂಡ ಗುಂಡ್ಯದ ತಿರುವಿನಲ್ಲಿ ಲಾರಿ ಮಗುಚಿ ಸತ್ತ ಎಂದು ಗೊತ್ತಿಲ್ಲ. ಪೆರ್ನಾಳ್ ಹಬ್ಬ ಕಳೆದು ಹಾಗಾದ ಮೇಲೆ ನನ್ನನ್ನು ನೋಡಿ ಅಯ್ಯೋ ಎನ್ನದವರು ಅವರೊಬ್ಬರೇ. ಪಾಪವೆಂದು ಕೊಟ್ಟ ಪಾಸು ನನಗೆ ಬೇಡ.

ಬರುವ ವರ್ಷ ಬರೆದರಾಗದೇ ಎಂದು ನೀವು ಕೇಳಬಹುದು. ಆ ಬರುವ ವರ್ಷವನ್ನು ನೀವೇ ಉಳಿಸಿಲ್ಲವಲ್ಲ. ಇದ್ದತ್ ಮುಗಿದ ಕೂಡಲೇ ಮದುವೆಗೆ ಒಂದು ಒಳ್ಳೆಯ ಕಡೆ ಮಾತಾಡಿದ್ದೇನೆ ಎಂದು ಕಾಗದದ ಕೊನೆಗೆ ಸಣ್ಣ ಅಕ್ಷರದಲ್ಲಿ ಬರೆದಿದ್ದೀರಿ. ಈಗ ಪಾಸಾದರೆ ನಾನು ಮಂಗಳೂರಿನ ಟ್ರೈನಿಂಗ್ ಶಾಲೆಗೆ ಸೇರಿ ಟೀಚರಾಗಬಹುದು. ಬಿಟ್ಟರೆ ಮಳೆಗಾಲದಲ್ಲಿ ಇನ್ನೊಂದು ಮನೆಯ ಸೊಸೆ. ಎರಡರ ನಡುವೆ ಇರುವುದು ಈ ಪರೀಕ್ಷೆ ಒಂದೇ.

ದಾರಿ ತೋರಿಸಿದವರು ನನ್ನ ಅತ್ತೆ, ಅಲೀಮಮ್ಮ ಮಾಮಿಯೇ. ಅವರೇ ಮಸೀದಿಯ ಮುಸ್ಲಿಯಾರರ ಮನೆಗೆ ಹೋಗಿ ಕೇಳಿದರು. ತೀರ ಅಗತ್ಯವಿದ್ದರೆ ಹಗಲು ಹೋಗಬಹುದು, ಕತ್ತಲಾಗುವ ಮೊದಲು ಗಂಡನ ಮನೆಗೇ ಬಂದು ಸೇರಬೇಕು ಎಂದು ಅವರು ಹೇಳಿದರಂತೆ. ಬಂದವರೇ ಮಾಮಿ, "ಶುಕೂರ್ ನಿನ್ನ ಪರೀಕ್ಷೆ ಫೀಸು ಕಟ್ಟಿ ಹೋದದ್ದು. ನಾನು ಒಟ್ಟಿಗೆ ಬರ್ತೇನೆ, ಸಂಜೆ ಮಗ್ರಿಬಿನ ಬಾಂಗಿಗೆ ಮುಂಚೆ ಮನೆಯಲ್ಲಿರುವ" ಎಂದರು. ಮಗನ ಹೆಸರನ್ನು ಅವರ ಬಾಯಲ್ಲಿ ಅಷ್ಟು ದಿನಗಳ ಮೇಲೆ ಕೇಳಿದ್ದು ಆಗಲೇ.

ಸೋಮವಾರದಿಂದ ಹೀಗೆ ನಡೆದಿದೆ. ನಾನು ಒಳಗೆ ಬರೆಯುವಾಗ ಮಾಮಿ ಗೇಟಿನ ಹತ್ತಿರ ಮಾವಿನಮರದ ಬುಡದಲ್ಲಿ ಕೊಡೆ ಊರಿಕೊಂಡು ಕೂರುತ್ತಾರೆ. ಕಡಬದ ಬಸ್ಸು ಪರೀಕ್ಷೆ ಮುಗಿಯುವ ಮೊದಲೇ ಹೊರಡುತ್ತದೆ. ಅದರ ನಂತರದ್ದಕ್ಕೆ ಕಾದರೆ ದಾರಿಯಲ್ಲೇ ಕತ್ತಲು. ಹಾಗಾಗಿ ಬಸ್ಸು ಹೊರಡುವ ಹೊತ್ತಿಗೆ ಮಾಮಿ ಶಾಲೆಯ ಪೇದೆಯ ಹತ್ತಿರ ಹೇಳಿಕಳಿಸುವುದು, ನಾನು ಬರೆದಷ್ಟು ಕೊಟ್ಟು ಏಳುವುದು ಎಂದು ಮಾತಾಗಿತ್ತು. ಮೊದಲೆರಡು ದಿನ ಹಾಗೆಯೇ ಎದ್ದು ಬಂದೆ. ಗೊತ್ತಿದ್ದ ಉತ್ತರವನ್ನು ಖಾಲಿ ಬಿಟ್ಟು ಏಳುವುದು ಎಂತಹ ಸಂಕಟ ಎಂದು ನಿಮಗೆ ಹೇಗೆ ಹೇಳಲಿ.

ನಿನ್ನೆ ಲೆಕ್ಕದ ಪರೀಕ್ಷೆ. ಬರೆಯುತ್ತಲೇ ಇದ್ದೆ, ಪೇದೆ ಬರಲೇ ಇಲ್ಲ. ಬಸ್ಸು ತಡವಾಗಿರಬೇಕು ಎಂದುಕೊಂಡೆ. ಕೊನೆಯ ಲೆಕ್ಕ ಮುಗಿಯುವುದಕ್ಕೂ ಬೆಲ್ಲಾಗುವುದಕ್ಕೂ ಸರಿಹೋಯಿತು. ಹೊರಗೆ ಬಂದರೆ ಬಸ್ಸು ಯಾವಾಗಲೋ ಹೋಗಿತ್ತು. ಯಾಕೆ ಕರೆಯಲಿಲ್ಲ ಎಂದು ಕೇಳಿದೆ. "ನೀನು ಬರೆಯುದು ಕಿಟಕಿಯಲ್ಲಿ ಕಾಣ್ತಾ ಇತ್ತು. ಕರೆಯಲಿಕ್ಕೆ ಬಾಯಿ ಬರ್ಲಿಲ್ಲ" ಎಂದರು.

ಇಬ್ಬರೂ ರಸ್ತೆ ಬದಿ ನಿಂತೆವು. ಬಿಸಿಲು ಇಳಿಯುತ್ತಿತ್ತು. ಆಗ ಶುಕೂರರ ಜೊತೆಗಾರ ಪೋಕರ್ ತನ್ನ ಲಾರಿ ನಿಲ್ಲಿಸಿದ. ಮರ ತುಂಬಲು ಕಡಬಕ್ಕೇ ಹೊರಟಿದ್ದನಂತೆ. ಮಾಮಿಯ ಮುಖ ನೋಡಿದ ಮೇಲೆ, ಹತ್ತಿ ಎನ್ನಲು ಅವನಿಗೂ ಧೈರ್ಯ ಬರಲಿಲ್ಲ. ಮಗ ಹೋದಂದಿನಿಂದ ಲಾರಿಯ ಹಾರ್ನ್ ಕೇಳಿದರೆ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುವವರು ಅವರು. ಲಾರಿಯನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಕೊಡೆಯನ್ನು ನನ್ನ ಕೈಗೆ ಕೊಟ್ಟು ತಾವೇ ಮೊದಲು ಹತ್ತಿದರು.

ದಾರಿಯುದ್ದಕ್ಕೂ ಕಣ್ಣು ಬಿಡಲಿಲ್ಲ, ತುಟಿ ಮಾತ್ರ ಅಲುಗುತ್ತಿತ್ತು. ಒಂದೊಂದು ತಿರುವಿಗೂ ನನ್ನ ಮಣಿಕಟ್ಟನ್ನು ಹಿಡಿದು ಹಿಚುಕಿದರು. ಅವರ ಬೆರಳಿನ ಗುರುತು ಇನ್ನೂ ಮಾಸಿಲ್ಲ. ನಾವು ಅಂಗಳ ಹತ್ತಿದ ಮೇಲೆಯೇ ಬಾಂಗು ಕೇಳಿದ್ದು.

ಒಳಗೆ ನಿಮ್ಮ ಕಾಗದ ಬಂದು ಬಿದ್ದಿತ್ತು. ಮಾಮಿಗೆ ಓದಲು ಬರುವುದಿಲ್ಲ. ನಾನು ಒಂದಕ್ಷರ ಬಿಡದೆ ಓದಿ ಹೇಳಿದೆ. "ಹೆತ್ತ ಅಪ್ಪನ ಮಾತಲ್ವಾ" ಎಂದಷ್ಟೇ ಹೇಳಿ ಎದ್ದು ಹೋದರು.

ಇವತ್ತು ಪರೀಕ್ಷೆ ಇಲ್ಲ, ನಾಳೆ ಕೊನೆಯದು, ವಿಜ್ಞಾನ. ಪುಸ್ತಕ ಬಿಡಿಸಿದರೂ ತಲೆಗೆ ಹತ್ತುತ್ತಿಲ್ಲ. ಊಟವಾದ ಮೇಲೆ ಮಾಮಿ ಕೊಡೆ ಹಿಡಿದು ಎಲ್ಲಿಗೋ ಹೋದರು, ಎಲ್ಲಿಗೆಂದು ಹೇಳಲಿಲ್ಲ. ನನ್ನನ್ನು ಮಮ್ಮು ಮಾಮನ ಜೊತೆ ಕಳಿಸಲು ಏರ್ಪಾಡು ಮಾಡುತ್ತಿದ್ದಾರೋ ಏನೋ ಎಂದು ಬಾಗಿಲಿಗೆ ಬಂದು ಬಂದು ನೋಡುತ್ತಿದ್ದೇನೆ. ಅವರು ಬೇಡವೆಂದರೆ ನಾನು ಒಬ್ಬಳೇ ಹೋಗುವುದಿಲ್ಲ. ನಿಮ್ಮ ಮೇಲೆ ಸಿಟ್ಟು ಮಾಡಿಕೊಳ್ಳಬಲ್ಲೆ ಉಪ್ಪ, ಆ ಲಾರಿ ಹತ್ತಿದವರ ಮಾತನ್ನು ಮೀರಲಾರೆ.

ಕೆಮ್ಮಿಗೆ ಕರಿಮೆಣಸಿನ ಕಷಾಯ ಕುಡಿಯಿರಿ, ಬೀಡಿ ಬಿಡಿ.

ನಿಮ್ಮ ಹಟಮಾರಿ ಮಗಳು
ರುಕಿಯಾ

ತಾ.ಕ.: ಶುಕ್ರವಾರ ಬೆಳಿಗ್ಗೆ ಇದನ್ನು ಸೇರಿಸುತ್ತಿದ್ದೇನೆ, ಪುತ್ತೂರಿನಲ್ಲಿ ಅಂಚೆಗೆ ಹಾಕುತ್ತೇನೆ. ಮಮ್ಮು ಮಾಮ ಬಂದರೆ ಬಾಗಿಲಿಗೆ ಬೀಗವಿರುತ್ತದೆ. ಅವರಿಗೆ ಚಾ ಕೊಟ್ಟು ಕೂರಿಸಲು ಪಕ್ಕದ ಮನೆಯ ತಿಮ್ಮಕ್ಕನಿಗೆ ಹೇಳಿದ್ದೇವೆ. ಮಾಮಿ ಆಗಲೇ ಕೊಡೆ ಹಿಡಿದು ಅಂಗಳದಲ್ಲಿ ನಿಂತಿದ್ದಾರೆ. ನಿನ್ನೆ ಅವರು ಹೋದದ್ದು ಪೋಕರನ ಮನೆಗಂತೆ. "ಸಂಜೆ ಅವನು ಲಾರಿಯನ್ನು ಶಾಲೆಯ ಗೇಟಿಗೇ ತರ್ತಾನೆ. ಇವತ್ತು ಬೆಲ್ ಆಗುವವರೆಗೆ ಏಳ್ಬೇಡ" ಎಂದರು.